ಅಲುಗಾಡದಿದ್ದರೆ ಗೋಡೆ

ನನ್ನನ್ನು ನೋಡಲು ಬಂದವರಲ್ಲಿ ಕಂಪ್ಲಿಯವರು ನಾಲ್ಕನೆಯವರು. ಮೊದಲ ಮೂರು ಮನೆಯವರು ಬಂದರು, ಕೂತರು, ಮಂಡಕ್ಕಿ ಒಗ್ಗರಣೆ ತಿಂದರು, ಮಿರ್ಚಿ ಬಜ್ಜಿ ಇನ್ನೆರಡು ಹಾಕಿಸಿಕೊಂಡರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎದ್ದು ಹೋದರು. ಆಮೇಲೆ ಯಾರದೋ ಬಾಯಿಂದ ಸುದ್ದಿ ಬಂತು. ಹುಡುಗಿ ಚಲೋ ಇದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ. ಬಣ್ಣವೇನು ಉಪ್ಪೇ, ಕಮ್ಮಿಯಾದರೆ ಮೇಲೆ ಉದುರಿಸಿಕೊಳ್ಳಲು? ಮಿರ್ಚಿ ಮಾತ್ರ ಯಾರಿಗೂ ಕಮ್ಮಿ ಅನ್ನಿಸಲಿಲ್ಲ.

ನಾನು ಸ್ನೇಹಾ. ನಮ್ಮ ಮನೆ ತುಂಗಭದ್ರೆಯ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ. ಅಪ್ಪ ತೋಟಪ್ಪ ಡ್ಯಾಮಿನ ಗೇಟುಗಳ ಕೆಲಸಕ್ಕಿದ್ದಾನೆ. ಎತ್ತು ಎಂದರೆ ಎತ್ತುತ್ತಾನೆ, ಇಳಿಸು ಎಂದರೆ ಇಳಿಸುತ್ತಾನೆ. ಮನೆಯಲ್ಲೂ ಹಾಗೆಯೇ. ಮನೆಯಲ್ಲಿ ಹಾಗೆ ಹೇಳುವವಳು ಅವ್ವ, ವಿರುಪಮ್ಮ.

ನನ್ನ ಕೆಲಸ ಜನರ ಮೈಮೇಲೆ ಬೆಳಕು ಬಿಡುವುದು. ಇದನ್ನು ಹೇಳಿದಾಗ ಎಲ್ಲರೂ ಒಂದು ಸಲ ಹುಬ್ಬು ಗಂಟಿಕ್ಕುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕಡ್ಡಿರಾಂಪುರದ ಒಂದು ಹೋಂಸ್ಟೇಯವರು ದೊಡ್ಡ ಟಿವಿ ತಂದ ಮೇಲೆ ಮೂಲೆಗೆ ಎಸೆದಿದ್ದ ಪ್ರೊಜೆಕ್ಟರನ್ನು ನಾನು ತಂದುಕೊಂಡೆ. ಹಳೆಯ ವಿಡಿಯೋ ಗೇಮಿನದೊಂದು ಕ್ಯಾಮೆರಾ ಸಿಕ್ಕಿತು, ಅದಕ್ಕೆ ಕತ್ತಲೆಯಲ್ಲೂ ಮೈಯ ಅಲುಗಾಟ ತಿಳಿಯುತ್ತದೆ. ಲ್ಯಾಪ್‌ಟಾಪ್ ಮೊದಲೇ ಇತ್ತು. ಹುಟ್ಟುಹಬ್ಬವೋ ನಾಮಕರಣವೋ ಇರುವ ಮನೆಗೆ ಇವನ್ನು ಹೊತ್ತುಕೊಂಡು ಹೋಗುತ್ತೇನೆ. ಕಿಟಕಿ ಮುಚ್ಚಿ, ಬಂದವರಿಗೆಲ್ಲ ಬಿಳಿ ಅಂಗಿ ತೊಡಿಸಿ, ಹಾಡು ಹಾಕುತ್ತೇನೆ. ಯಾರು ಎಲ್ಲಿದ್ದಾರೆ ಎಂಬುದನ್ನು ಕ್ಯಾಮೆರಾ ನೋಡುತ್ತದೆ, ಹಾಡಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನು ಲ್ಯಾಪ್‌ಟಾಪ್ ಕೇಳಿಸಿಕೊಳ್ಳುತ್ತದೆ. ಬೆಳಕು ಗೋಡೆಯ ಮೇಲೆ ಬೀಳುವುದಿಲ್ಲ, ಮನುಷ್ಯರ ಮೇಲೆ ಮಾತ್ರ ಬೀಳುತ್ತದೆ. ಹಲಗೆ ಬಡಿದರೆ ಹೆಗಲಿನಿಂದ ಕಿಡಿ ಹಾರುತ್ತದೆ, ಸನಾದಿ ಊದಿದರೆ ಬಳ್ಳಿ ಮೈ ಹತ್ತುತ್ತದೆ. ಹೊಸಪೇಟೆಯ ಒಂದು ಮನೆಯಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಯಜಮಾನರ ಹೊಟ್ಟೆಯ ಮೇಲೆ ಮೀನೊಂದು ಈಜಿತು. ಅದನ್ನು ಹಿಡಿಯಲು ಅವರು ಮನೆ ತುಂಬ ಓಡಾಡಿದರು. "ಮದುವಿ ಆದಾಗಿಂದ ಇವ್ರು ಇಷ್ಟು ಓಡ್ಯಾಡಿದ್ದು ಇವತ್ತ ನೋಡವ್ವ," ಎಂದರು ಅವರ ಹೆಂಡತಿ.

ಇಂಥ ಕೆಲಸ ನನಗೆ ಪ್ರಾಣ. ಅದನ್ನು ಬಿಡಬೇಕಾಗಿ ಬಂದಿತ್ತು. ಕಂಪ್ಲಿಯವರು ಮೊದಲೇ ಹೇಳಿ ಕಳಿಸಿದ್ದರು: ಹುಡುಗಿ ಒಪ್ಪಿಗೆಯಾದರೆ ಮದುವೆಯ ಮೇಲೆ ಈ ಬೆಳಕಿನ ಆಟ ನಡೆಯುವುದಿಲ್ಲ. ಒಪ್ಪಿಗೆಯಾಗದಿದ್ದರೆ ಇನ್ನೂ ಕಷ್ಟವಿತ್ತು. ಅವ್ವನ ತಮ್ಮ, ನನ್ನ ಸೋದರಮಾವ ಹುಲಿಗೇಶ. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳ ಮೇಲೆ ಹಕ್ಕು. ಹೊರಗಿನ ಗಂಡು ಕೂಡಿ ಬರದಿದ್ದರೆ ಸ್ನೇಹಾಳನ್ನು ಹುಲಿಗೇಶನಿಗೇ ಕೊಡಬೇಕೆಂದು ಅಜ್ಜಿ ಸಾಯುವ ಮೊದಲು ಅವ್ವನಿಂದ ಭಾಷೆ ತೆಗೆದುಕೊಂಡಿದ್ದಳು. ಕಂಪ್ಲಿಯವರೂ ಬೇಡವೆಂದರೆ ಕಾರ್ತೀಕದಲ್ಲಿ ಮಾವನ ಜೊತೆಗೇ ಮದುವೆಯ ಅಕ್ಕಿಕಾಳು ಎಂದು ಅವ್ವ ಆಗಲೇ ಸಾರಿದ್ದಳು.

ಹುಲಿಗೇಶಮಾವ ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಾನೆ. ಭಾಳ ಒಳ್ಳೆಯವನು. ಅದೇ ತೊಂದರೆ, ಕೆಟ್ಟವನಾಗಿದ್ದರೆ ಜಗಳವಾಡಿ ಓಡಿಹೋಗಬಹುದಿತ್ತು. ನನ್ನ ಬಿಳಿ ಅಂಗಿಗಳನ್ನು ಒಮ್ಮೆ ಪ್ರೀತಿಯಿಂದ ಒಯ್ದು ಒಗೆಸಿಕೊಟ್ಟ. ಸಂಡೂರಿನ ಕೆಂಧೂಳಿನಲ್ಲಿ ಒಣಗಿ ಎಲ್ಲವೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಬಂದವು. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದವನು ಅವನು. ಮೂಗು ಒರೆಸಿದವನನ್ನು ಗಂಡ ಎನ್ನುವುದು ಹೇಗೆ? ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ನನಗೆ ಪುಲಿಯ ಹೆಸರು, ಊರು, ಟಿಪ್ಪರಿನ ನಂಬರು ಎಲ್ಲವೂ ಗೊತ್ತಿತ್ತು.

ಅಂದು ಭಾನುವಾರ. ಬೆಳಿಗ್ಗೆ ಎದ್ದು ಪ್ರೊಜೆಕ್ಟರನ್ನು ನಡುಮನೆಯಲ್ಲಿ ಹೂಡಿ ಹೊಸ ಹಾಡೊಂದನ್ನು ಪರೀಕ್ಷೆ ಮಾಡುತ್ತಿದ್ದೆ. ಅವ್ವ ಬಂದವಳೇ ಎಲ್ಲದರ ಮೇಲೆ ಚಾದರ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹೂದಾನಿ ಇಟ್ಟಳು. ಆಮೇಲೆ ನನ್ನ ಮುಖಕ್ಕೆ ಕೈ ಹಾಕಿದಳು. ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗಲೂ ಅವಳು ಇಷ್ಟು ಮುತುವರ್ಜಿ ವಹಿಸುವುದಿಲ್ಲ.

"ಕತ್ತು ಬಗ್ಗಿಸ್ಕೊಂಡು ಕುಂದ್ರು. ಕಣ್ಣು ನೆಲದ ಮ್ಯಾಲ ಇರಲಿ. ಕೇಳಿದ್ದಕ್ಕಷ್ಟ ಹೇಳು. ಮುಖ್ಯ ಅಂದ್ರ, ಅಲುಗಾಡಬ್ಯಾಡ."

"ಉಸಿರು?"

"ಸಣ್ಣಗ ಬಿಡು."

"ಹೋದ ಸಲ ಅಲುಗಾಡದ ಕುಂತಿದ್ದೆ. ಏನಾತು?"

"ಹೋದ ಸಲ ಕಾಲಬೆರಳು ಆಡಿಸಿದ್ದಿ. ನಾ ನೋಡೀನಿ."

ಕಂಪ್ಲಿಯವರು ಜೀಪಿನಲ್ಲಿ ಬಂದಿಳಿದರು. ಮೂವರೇ. ಹುಡುಗನ ಅಪ್ಪ ಎರ್ರಿಯಪ್ಪ, ಕಾಲುವೆ ನೀರಿನ ಭತ್ತದ ಗದ್ದೆಗಳ ಒಡೆಯ. ಇಸ್ತ್ರಿ ಹಾಕಿದ ಬಿಳಿ ಪಂಚೆ, ಬಿಳಿ ಅಂಗಿ, ಮೀಸೆಗೂ ಇಸ್ತ್ರಿ ಹಾಕಿದ್ದರೋ ಏನೋ. ಅವರ ತಾಯಿ ಯಲ್ಲಕ್ಕ, ಹಣ್ಣಾದ ಮುದುಕಿ. ಎರಡೂ ಕೈ ಸದಾ ನಡುಗುತ್ತಿದ್ದವು. ಮೂರನೆಯವನು ಹುಡುಗ ಹಂಪೇಶ. ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾನೆ, ಸುಗ್ಗಿ ಬಂದರೆ ಗದ್ದೆಯಿಂದ ಗದ್ದೆಗೆ ಬಿಸಿಲಲ್ಲೇ ಇರುತ್ತಾನೆ. ಬಣ್ಣದಲ್ಲಿ ನನಗಿಂತ ಒಂದು ಕೈ ಮೇಲು. ಆದರೆ ಗಂಡಿನ ಬಣ್ಣ ಯಾವ ತಕ್ಕಡಿಗೂ ಏರುವುದಿಲ್ಲ.

ನಾನು ಅವ್ವನ ಕಡುಹಸಿರು ರೇಷ್ಮೆ ಸೀರೆ ಉಟ್ಟು ಚಾಪೆಯ ಮೇಲೆ ಕೂತೆ. ಅಪ್ಪ ಕುರ್ಚಿಯ ತುದಿಯಲ್ಲಿ ಕೂತ. ಮಾವ ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದ. ಅವನು ಯಾವ ಮನಸ್ಸಿನಿಂದ ಕರಿಯುತ್ತಿದ್ದಾನೆ ಎಂದು ನನಗೆ ಯೋಚನೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಳು. ಹೆಣ್ಣು ನೋಡುವ ದಿನ ಹೆಣ್ಣಿನ ತಾಯಿ ಅಲ್ಲೇ ನಿಲ್ಲಬೇಕು. ಹೊರಗೂ ಅಲ್ಲ, ಒಳಗೂ ಅಲ್ಲ.

ಹೆಸರೇನು, ಎಷ್ಟು ಓದಿದ್ದೀ, ಅಡುಗೆ ಬರುತ್ತದೆಯೇ, ಎಲ್ಲ ಕೇಳಿಯಾಯಿತು. ನಾನು ನೆಲಕ್ಕೆ ಉತ್ತರ ಕೊಟ್ಟೆ. ಆಮೇಲೆ ಎರ್ರಿಯಪ್ಪ ಮಿರ್ಚಿಯೊಂದನ್ನು ಕಡಿದು, "ಒಂದು ಹಾಡು ಹೇಳವ್ವ," ಎಂದರು.

ಇದು ನಮ್ಮ ಕಡೆಯ ಪದ್ಧತಿ. ನೋಡಲು ಬಂದಾಗ ಹೆಣ್ಣಿನ ಕೈಲಿ ಒಂದು ಹಾಡು ಹೇಳಿಸಬೇಕು. ಮೂಗಿಯೋ ತೊದಲಿಯೋ ಎಂದು ತಿಳಿಯಲು ಹಿಂದಿನವರು ಮಾಡಿದ ಉಪಾಯ ಇರಬೇಕು. ಅವ್ವನೂ ಹೇಳಿದ್ದಳಂತೆ. ಅದಾದ ಮೇಲೆ ಈ ಮನೆಯಲ್ಲಿ ಯಾರೂ ಅವಳನ್ನು ಹಾಡು ಎಂದು ಕೇಳಿಲ್ಲ. ನನ್ನ ಕಥೆ ಬೇರೆ. ನಾನು ಗಂಟಲು ತೆಗೆದರೆ ದರೋಜಿಯ ಕರಡಿಗಳು ಕಾಡು ಬಿಟ್ಟು ಗುಳೆ ಹೋಗುತ್ತವೆ.

ನಾನು ನೆಲವನ್ನೇ ನೋಡಿದೆ. ಅಡುಗೆಮನೆಯಲ್ಲಿ ಎಣ್ಣೆ ಮಾತ್ರ ಮಾತಾಡುತ್ತಿತ್ತು. ಕಡೆಗೆ ಅಪ್ಪ ತಡೆಯಲಾರದೆ ತಾನೇ ಗೇಟು ಎತ್ತಿಬಿಟ್ಟ. "ಅಕಿಗೆ ಹಾಡಾಕ ಬರಾಂಗಿಲ್ರಿ. ಆದ್ರ ಅಕಿ ಮಷಿನ್ ಮಸ್ತ್ ಐತ್ರಿ."

ಅವ್ವ ನೋಡಿದ ನೋಟಕ್ಕೆ ಅಪ್ಪ ಅಲ್ಲೇ ಕರಗಿ ಹೋಗಬೇಕಿತ್ತು. ಆದರೆ ಯಲ್ಲಕ್ಕ ಕೂತಲ್ಲೇ ಮುಂದೆ ಜರುಗಿದಳು.

"ಮೈಮ್ಯಾಲ ದೀಪ ಬಿಡ್ತಾಳಂತಲ್ಲ, ಅದಾ? ಅದನ್ನ ನೋಡಬೇಕಂತನ ನಾ ಜೀಪು ಹತ್ತಿದ್ದು. ಹುಡುಗಿಯರನ್ನ ನಾ ಭಾಳ ನೋಡೀನಿ. ಹಚ್ಚವ್ವ ಜಲ್ದಿ."

ಎರ್ರಿಯಪ್ಪ ಬೇಡವೆನ್ನಲು ಬಾಯಿ ತೆರೆದರು, ಬಾಯಲ್ಲಿ ಮಿರ್ಚಿ ಇತ್ತು. ಅಷ್ಟರಲ್ಲಿ ಅಪ್ಪ ಕಿಟಕಿಗಳಿಗೆ ಕಂಬಳಿ ಕಟ್ಟತೊಡಗಿದ್ದ. ನಾನು ಎದ್ದು ಹೂದಾನಿ ತೆಗೆದು, ಚಾದರ ಸರಿಸಿ, ಹಲಗೆ ಮತ್ತು ಸನಾದಿಯ ಹಾಡನ್ನು ಹಚ್ಚಿದೆ. ಇದು ನಾನೇ ಜೋಡಿಸಿದ್ದು, ಹಾಡಿನ ನಡುನಡುವೆ ಡ್ಯಾಮಿನ ಗೇಟು ತೆರೆದಾಗಿನ ನೀರಿನ ಮೊರೆತವನ್ನು ಸೇರಿಸಿದ್ದೆ. ಇನ್ನೇನು ಮಷಿನ್ ಪಕ್ಕದಲ್ಲೇ ನಿಲ್ಲಬೇಕು, ಬಾಗಿಲಿನಿಂದ ಅವ್ವ ಪಿಸುಗುಟ್ಟಿದಳು. "ಕುಂದ್ರು. ಕತ್ತು ಬಗ್ಗಿಸು. ಅಲುಗಾಡಬ್ಯಾಡ." ಹೋಗಿ ಚಾಪೆಯ ಮೇಲೆ ಕೂತೆ.

ಮೊದಲ ಪೆಟ್ಟಿಗೆ ಎರ್ರಿಯಪ್ಪನವರ ಬಿಳಿ ಪಂಚೆಯ ಮೇಲೆ ತುಂಗಭದ್ರೆ ಧುಮುಕಿತು. ಅವರು "ಅಯ್ಯಯ್ಯ" ಎಂದು ಪಂಚೆ ಎತ್ತಿ ಹಿಡಿದು ಎದ್ದು ನಿಂತರು, ನಿಜವಾಗಿ ನೆನೆಯಿತು ಎಂದೇ ತಿಳಿದಿದ್ದರು. ಯಲ್ಲಕ್ಕ ಗಹಗಹಿಸಿ ನಕ್ಕಳು. ಹಂಪೇಶನ ಎದೆಯ ಮೇಲೆ ಹಸಿರು ಪೈರು ಎದ್ದಿತು, ಅವನು ಬಗ್ಗಿ ನೋಡಿದರೆ ಪೈರೂ ಬಗ್ಗಿತು. ಅಪ್ಪನ ತಲೆಯ ಬೋಳು ಜಾಗದಲ್ಲಿ ಒಂದು ಹೂವು ಅರಳಿತು. ಅಪ್ಪ ಅದನ್ನು ನೋಡಲಾರದೆ, ನಾವು ನಗುವುದನ್ನು ನೋಡಿ ತಾನೂ ನಕ್ಕ. ಇದು ನಡೆಯುತ್ತದೆ ಎಂದು ನನಗೆ ಧೈರ್ಯ ಬಂತು.

ಎರ್ರಿಯಪ್ಪ ಬೇಗ ಎಚ್ಚೆತ್ತುಕೊಂಡರು. ಬೀಗರಾಗುವ ಮನೆಯಲ್ಲಿ ಪಂಚೆ ಎತ್ತಿ ಹಾರಿದ್ದು ಅವರಿಗೆ ನಾಚಿಕೆಯಾಗಿರಬೇಕು. ಕೂತು, ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ, ಕಲ್ಲಾದರು. ಮಗನ ಕಡೆ ಒಂದು ನೋಟ ಎಸೆದರು. ಮಗನೂ ಕಲ್ಲಾದ.

ಆಗ ಶುರುವಾಯಿತು ಗಂಡಾಂತರ. ನನ್ನ ಕ್ಯಾಮೆರಾಕ್ಕೆ ನಾನೇ ಒಂದು ಪಾಠ ಹೇಳಿಕೊಟ್ಟಿದ್ದೆ: ಸ್ವಲ್ಪ ಹೊತ್ತು ಅಲುಗಾಡದೆ ಇರುವುದನ್ನೆಲ್ಲ ಗೋಡೆ ಎಂದು ತಿಳಿ, ಅದರ ಮೇಲೆ ಬೆಳಕು ಬಿಡಬೇಡ. ಇಲ್ಲದಿದ್ದರೆ ಫ್ರಿಜ್ಜು, ಕುರ್ಚಿ, ದೇವರ ಪಟಗಳ ಮೇಲೆಲ್ಲ ಮೀನು ಈಜುತ್ತವೆ. ಕುಣಿಯುವ ಮನೆಗಳಲ್ಲಿ ಈ ಪಾಠದಿಂದ ಏನೂ ತೊಂದರೆಯಾಗಿರಲಿಲ್ಲ. ಹೆಣ್ಣು ನೋಡುವ ಮನೆಗೆ ಮಷಿನ್ ಎಂದೂ ಬಂದಿರಲಿಲ್ಲ.

ಎರ್ರಿಯಪ್ಪ ಕೆಳಗಿನಿಂದ ಮೇಲಕ್ಕೆ ಆರುತ್ತಾ ಬಂದರು. ಪಂಚೆ ಹೋಯಿತು, ಕೈ ಹೋಯಿತು, ಹೆಗಲು ಹೋಯಿತು. ಕಡೆಗೆ ದವಡೆ ಮಾತ್ರ ಉಳಿಯಿತು, ಏಕೆಂದರೆ ಅವರು ಮಿರ್ಚಿ ಜಗಿಯುತ್ತಲೇ ಇದ್ದರು. ಕತ್ತಲೆಯ ನಡುವೆ ಒಂದು ಜೋಡಿ ದವಡೆ ಮೀಸೆಯ ಸಮೇತ ನೀಲಿಯಾಗಿ, ಕೆಂಪಾಗಿ, ಹಲಗೆಯ ತಾಳಕ್ಕೆ ಸರಿಯಾಗಿ ಜಗಿಯಿತು. ನಾನು ತುಟಿ ಕಚ್ಚಿ ಹಿಡಿದೆ.

ಹಂಪೇಶನೂ ಆರಿದ. ಅವನಲ್ಲಿ ಉಳಿದದ್ದು ಬಲಗಾಲಿನ ಮೊಣಕಾಲು. ಅದು ತನ್ನ ಪಾಡಿಗೆ ತಾನು ತಾಳ ಹಾಕುತ್ತಿತ್ತು, ಅದರ ಮೇಲೆ ಪುಟ್ಟ ಪೈರು ಕುಣಿಯುತ್ತಿತ್ತು. ಮುಖ ಸರಿಯಾಗಿ ನೋಡುವ ಮೊದಲೇ ನನಗೆ ಆ ಮೊಣಕಾಲು ಇಷ್ಟವಾಯಿತು. ಹೇಳಲು ನಾಚಿಕೆಯೇನಿಲ್ಲ.

ಆರದೆ ಉಳಿದವಳು ಯಲ್ಲಕ್ಕ ಒಬ್ಬಳೇ. ಅವಳ ಕೈಗಳು ನಿಲ್ಲುವುದೇ ಇಲ್ಲವಲ್ಲ. ಮೊಣಕೈಯಿಂದ ಬೆರಳ ತುದಿಯವರೆಗೆ ಬೆಳ್ಳಿ ಮೀನುಗಳು ಗುಂಪು ಗುಂಪಾಗಿ ಓಡಾಡಿದವು. ಅವಳು ಎರಡೂ ಕೈ ಮುಖದ ಮುಂದೆ ಹಿಡಿದು ನೋಡಿದಳು. "ಡಾಕ್ಟ್ರು ಇದನ್ನ ರೋಗ ಅಂದಿದ್ರು ಕಣಲೇ ಎರ್ರಿ. ನೋಡು, ಹಬ್ಬ ಆಗೈತಿ!"

ಹಾಗೆ ನೋಡುತ್ತ ನೋಡುತ್ತ ಅವಳು ಕತ್ತೆತ್ತಿ ಸುತ್ತ ಹುಡುಕಿದಳು. "ಅಲಲ, ಹುಡುಗಿ ಎಲ್ಲಿ ಹೋದ್ಲು?"

ನಾನು ಎಲ್ಲಿಗೂ ಹೋಗಿರಲಿಲ್ಲ. ಅವಳ ಎದುರಿಗೇ ಚಾಪೆಯ ಮೇಲೆ, ಕತ್ತು ಬಗ್ಗಿಸಿ, ಉಸಿರು ಸಣ್ಣಗೆ ಬಿಡುತ್ತ ಕೂತಿದ್ದೆ. ಅವ್ವ ಕಲಿಸಿದ್ದನ್ನು ಅಷ್ಟು ಚೆನ್ನಾಗಿ ಮಾಡಿದ್ದೆ. ನನ್ನ ಮಷಿನ್ ನನ್ನನ್ನೇ ಗೋಡೆಯ ಲೆಕ್ಕಕ್ಕೆ ಹಾಕಿತ್ತು. ಬಾಗಿಲ ಕಡೆ ಕಣ್ಣೆತ್ತಿದರೆ ಅಲ್ಲೂ ಕತ್ತಲೆ. ತಟ್ಟೆ ಹಿಡಿದು ನಿಂತಿದ್ದ ಅವ್ವನೂ ಇರಲಿಲ್ಲ.

"ಇಲ್ಲೇ ಅದೀನ್ರಿ," ಎಂದೆ.

"ಎಲ್ಲಿ?" ಎಂದವು ದವಡೆಗಳು. "ಹೆಣ್ಣು ನೋಡಾಕ ಅಂತ ಕರದ್ರಿ. ಕತ್ತಲ ಮಾಡಿದ್ರಿ. ಹೆಣ್ಣ ಕಾಣವಲ್ದು! ಏನು ತೋಟಪ್ಪನವರ, ಕಪ್ಪು ಮುಚ್ಚಾಕ ಮಾಡಿದ ಆಟ ಏನ್ರಿ ಇದು?"

ಮೂರು ಮನೆಯವರು ಊರಿಗೆ ಹೋಗಿ ಮೆಲ್ಲಗೆ ಹೇಳಿ ಕಳಿಸಿದ್ದನ್ನು ಈತ ನಮ್ಮ ಮನೆಯಲ್ಲೇ ಕೂತು, ನಮ್ಮ ಮಿರ್ಚಿ ಜಗಿಯುತ್ತ ಹೇಳಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಕಾರ್ತೀಕ, ಮಾವ, ಅಜ್ಜಿಯ ಭಾಷೆ ಯಾವುದೂ ನೆನಪಿಗೆ ಬರಲಿಲ್ಲ.

"ಈ ಕ್ಯಾಮೆರಾಕ್ಕ ಕಪ್ಪು ಬಿಳಿ ಗೊತ್ತಾಗಂಗಿಲ್ರಿ," ಎಂದೆ. "ಅಲುಗಾಡೋರು ಯಾರು, ಕಲ್ಲಿನಂಗ ಕುಂತೋರು ಯಾರು, ಅಷ್ಟ ಗೊತ್ತು. ಸುಮ್ನ ಕುಂದ್ರು ಅಂದ್ರು, ಕುಂತೆ. ಅದಕ್ಕ ಕಾಣವಲ್ಲೆ. ನೀವೂ ಕಾಣವಲ್ರಿ. ನಿಮ್ಮ ದವಡಿ ಅಷ್ಟ ಕಾಣ್ತಾವ."

ದವಡೆಗಳು ತಟ್ಟನೆ ನಿಂತವು. ಸ್ವಲ್ಪ ಹೊತ್ತಿಗೆ ಅವೂ ಆರಿದವು.

"ಹಂಗಾದ್ರ ಏಳವ್ವ," ಎಂದು ಯಲ್ಲಕ್ಕ ಮೀನು ತುಂಬಿದ ಕೈ ಚಾಚಿದಳು. "ಎದ್ದು ಒಂದೀಟು ಕುಣಿ. ನೋಡೂಣು."

"ಸ್ನೇಹಾ!" ಎಂದಿತು ಬಾಗಿಲಿನ ಕತ್ತಲೆ.

ಎದ್ದೆ. ನನಗೆ ಹಾಡಲು ಬರುವುದಿಲ್ಲ ಅಷ್ಟೇ, ಕುಣಿಯಲು ಬರುತ್ತದೆ. ಕಾಲಿನಿಂದ ಬೆಳಕು ಹತ್ತಿತು, ಕಡುಹಸಿರು ಸೀರೆಯ ಮೇಲೆ ಅಷ್ಟೊಂದು ತೋರಲಿಲ್ಲ, ಕೈಗೆ, ಕತ್ತಿಗೆ, ಮುಖಕ್ಕೆ ಬಂದಾಗ ಧಗ್ಗನೆ ಹೊತ್ತಿತು. ಯಲ್ಲಕ್ಕನ ಕೈ ಹಿಡಿದೆ, ಅವಳ ಮೀನುಗಳು ನನ್ನ ತೋಳಿಗೆ ದಾಟಿದವು. ಅವಳು ಕೂತಲ್ಲೇ ಹೆಗಲು ಕುಣಿಸಿದಳು. ಅದೇ ಭರದಲ್ಲಿ ನಾನು ಹಂಪೇಶನ ಕಡೆ, ಎಂದರೆ ಅವನ ಮೊಣಕಾಲಿನ ಕಡೆ ತಿರುಗಿ, "ನೀವೂ ಬರ್ರಿ," ಎಂದೆ.

ಮೊಣಕಾಲು ಇನ್ನೂ ಜೋರಾಗಿ ಕುಣಿಯಿತು. ಎದ್ದೇಬಿಡುತ್ತಾನೆ ಎಂದುಕೊಂಡೆ. ಎರ್ರಿಯಪ್ಪ ಕೆಮ್ಮಿದರು, ಒಂದೇ ಸಲ. ಅವನವೇ ಎರಡು ಕೈಗಳು ಬಂದು ಆ ಮೊಣಕಾಲನ್ನು ಒತ್ತಿ ಹಿಡಿದವು. ಪೈರು ಸಣ್ಣಗಾಯಿತು, ಆಮೇಲೆ ಇಲ್ಲವಾಯಿತು. ಅವನೂ ಗೋಡೆಯಾದ. ನನಗೆ ನಿಜವಾಗಿ ಬೇಸರವಾಯಿತು, ಅಷ್ಟು ಹೊತ್ತಿಗೇ ಅಷ್ಟು ಬೇಸರವಾಗಬಾರದಿತ್ತು.

ಎರ್ರಿಯಪ್ಪ ಎದ್ದರು. ಏಳುವಾಗ ಪಂಚೆಯ ಮೇಲೆ ಮತ್ತೆ ನೀರು ಧುಮುಕಿತು, ಅವರು ಅದನ್ನು ಕೈಯಿಂದ ಕೊಡವಿಕೊಂಡರು. ಅಪ್ಪನಿಗೆ ಏನೂ ಹೇಳದೆ ಬಾಗಿಲ ಕತ್ತಲೆಯ ಕಡೆ ತಿರುಗಿ, "ಏನಮ್ಮ, ಹೆಣ್ಣಿಗೆ ಸುಮ್ನ ಕುಂದ್ರಾದು ಕಲಿಸಿಲ್ಲೇನು?" ಎಂದರು.

"ಕಲಿಸೀನ್ರಿ," ಎಂದಳು ಅವ್ವ. ದನಿ ಗೋಡೆಯಿಂದಲೇ ಬಂದಂತಿತ್ತು. "ಮೂರು ಸಲ ಕುಂದ್ರಿಸಿ ತೋರಿಸೀನಿ. ಒಬ್ರಿಗೂ ನನ್ನ ಮಗಳು ಕಾಣಲಿಲ್ಲ."

ಹೇಳಿ ಅವಳು ಬಾಗಿಲು ದಾಟಿ ಬಂದಳು. ಹೆಜ್ಜೆ ಹೆಜ್ಜೆಗೂ ಬೆಳಕು ಅವಳ ಮೇಲೆ ಹತ್ತಿತು. ಸೆರಗು ಹತ್ತಿತು, ಬಳೆಯ ಕೈ ಹತ್ತಿತು, ತಟ್ಟೆಯಲ್ಲಿನ ಚಹಾ ಕೂಡ ಹತ್ತಿತು. ನನ್ನ ಅವ್ವ ನೋಡಲು ಚೆಲುವೆ ಎಂದು ನನಗೆ ಇಪ್ಪತ್ತಾರು ವರ್ಷ ಯಾರೂ ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಅಳು ಬಂತು. ಹಣೆಯ ಮೇಲೆ ಬಳ್ಳಿ ಹತ್ತುತ್ತಿರುವಾಗ ಅಳುವುದು ಬಹಳ ಮುಜುಗರದ ಕೆಲಸ.

"ಇಂಥ ಹೆಣ್ಣಿಗೆ ಬ್ಯಾರೆ ಗಂಡು ನೋಡ್ಕೊಳ್ರಿ. ಹಂಪೇಶಾ, ನಡಿ. ಅವ್ವಾ, ಏಳು," ಎಂದು ಎರ್ರಿಯಪ್ಪ ಹೊರಟರು. ಹಂಪೇಶ ತಲೆ ತಗ್ಗಿಸಿ ಅವರ ಹಿಂದೆ ಹೋದ. ಯಲ್ಲಕ್ಕ ಏಳಲಿಲ್ಲ. "ನೀವು ಹೋಗ್ರಿ. ನಂದಿನ್ನ ಮುಗಿದಿಲ್ಲ," ಎಂದಳು.

ಅಪ್ಪ ಕುರ್ಚಿಗೆ ಕುಸಿದ. "ಮುಗೀತು. ಇನ್ನೇನೈತಿ, ಕಾರ್ತೀಕದಾಗ ಹುಲಿಗೇಶನ ಜೋಡಿನ..."

"ಇಲ್ಲ," ಎಂದಳು ಅವ್ವ. "ಹುಲಿಗೇಶಾ, ಬಾ ಇಲ್ಲಿ."

ಮಾವ ಜಾಲರಿ ಸಟ್ಟುಗ ಹಿಡಿದು ಬಂದ. ಸಟ್ಟುಗದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನಿನಗೂ ಕೊಡಾಂಗಿಲ್ಲ. ಅವ್ವಗ ಭಾಷೆ ಕೊಟ್ಟಾಕಿ ನಾನು, ಮುರಿಯಾಕಿನೂ ನಾನ. ಪಾಪ ಬಂದ್ರ ನನಗ ಬರಲಿ."

ಮಾವ ಸಟ್ಟುಗದ ಸಮೇತ ಅಕ್ಕನ ಕಾಲಿಗೆ ಬಿದ್ದ. "ನೀ ನೂರು ವರ್ಷ ಬಾಳಕ್ಕ! ಇದನ್ನ ಕೇಳಾಕ ಎಷ್ಟು ದಿನದಿಂದ ಕಾಯ್ತಿದ್ದೆ. ಆ ಹುಡುಗಿ ಮೂಗು ಎಷ್ಟು ಸೋರ್ತಿತ್ತಂತ ನನಗಷ್ಟ ಗೊತ್ತು." ಎದ್ದು ನಿಂತವನು ಅಲ್ಲೇ ಎರಡು ಹೆಜ್ಜೆ ಹಾಕಿದ. ಎಣ್ಣೆ ಚಾಪೆಯ ಮೇಲೆ ಸಿಡಿಯಿತು, ಅವ್ವ ಬೈಯಲೂ ಇಲ್ಲ. ಯಲ್ಲಕ್ಕ ಅವಳ ಕೈಯಿಂದ ತಟ್ಟೆ ಕಸಿದು ನೆಲಕ್ಕಿಟ್ಟು, ಅವಳ ಬೆರಳು ಹಿಡಿದುಕೊಂಡಿದ್ದಳು. ಅವ್ವ ಮೊದಲು ನಾಚಿಕೊಂಡು ಒಂದು ಕೈ ಆಡಿಸಿದಳು. ಮೀನು ಬಂದವು. ಇನ್ನೊಂದು ಕೈ ಆಡಿಸಿದಳು. ಆಮೇಲೆ ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಅಪ್ಪನಂತೂ ತಡೆಯುವವನಲ್ಲ, ಎತ್ತು ಎಂದರೆ ಎತ್ತುವವನು. ಅವನನ್ನೂ ಎತ್ತಿ ನಿಲ್ಲಿಸಿದರು.

ಹೊರಗೆ ಎರ್ರಿಯಪ್ಪ ಜೀಪಿನ ಮುಂದಿನ ಸೀಟಿನಲ್ಲಿ ಬೇಯುತ್ತಿದ್ದರು. ಈ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಎಂದು ಶಪಥ ಮಾಡಿ, ತಾಯಿಯನ್ನು ಕರೆತರಲು ಮಗನನ್ನು ಕಳಿಸಿದರಂತೆ.

ಹಂಪೇಶ ಬಾಗಿಲಲ್ಲಿ ನಿಂತು, "ಅಜ್ಜಿ, ಅಪ್ಪ ಕರೀತಾನ," ಎಂದ.

"ಬರಾಂಗಿಲ್ಲ ಅಂತ ಹೇಳು. ನೀ ಕದ ಹಾಕು, ಬೆಳಕು ಬರ್ತೈತಿ."

ಅವನು ಕದ ಹಾಕಿದ. ಒಳಗಿನಿಂದ ಹಾಕಿದ. ಸುತ್ತ ನೋಡಿದ. ಅವನ ಅಪ್ಪ ಇರಲಿಲ್ಲ. ಮೊಣಕಾಲು ಶುರುವಾಯಿತು, ಸೊಂಟಕ್ಕೆ ಹತ್ತಿತು, ಹೆಗಲಿಗೆ ಏರಿತು. ಅಪ್ಪಾ, ಎಂಥ ಕುಣಿತ! ಇಡೀ ಗದ್ದೆ ಅವನ ಮೈಮೇಲೆ ನಾಟಿಯಾಗಿ, ಬೆಳೆದು, ತೆನೆ ಹಿಡಿದು, ಕೊಯ್ಲಾಗಿ, ಮತ್ತೆ ನಾಟಿಯಾಯಿತು. ನಾನು ಕುಣಿಯುವುದು ಬಿಟ್ಟು ನೋಡುತ್ತ ನಿಂತೆ, ಎಲ್ಲಿ ಗೋಡೆಯಾಗಿಬಿಡುತ್ತೇನೋ ಎಂದು ನಡುನಡುವೆ ಕೈ ಬೀಸಿದೆ.

ಹಾಡು ಮುಗಿಯಿತು. ಎಲ್ಲರೂ ಏದುಸಿರು ಬಿಡುತ್ತಿದ್ದರು. ಯಲ್ಲಕ್ಕ ಅವ್ವನ ಪಕ್ಕೆಗೆ ತಿವಿದು, "ಹೆಂಗವ್ವ ನನ್ನ ಮೊಮ್ಮಗ?" ಎಂದಳು.

ಅವ್ವ ನನ್ನ ಕಡೆ ತಿರುಗಿದಳು. ಬೆವರಿಗೆ ಕುಂಕುಮ ಇಳಿದಿತ್ತು. "ನನ್ನ ಕೇಳಿದ್ರ? ಅಕಿನ್ನ ಕೇಳ್ರಿ. ಏನಬೇ ಸ್ನೇಹಾ, ಹುಡುಗ ಹೆಂಗದಾನ?"

ನಾಲ್ಕು ಮನೆಯವರು ಬಂದರೂ ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಅದಕ್ಕೆ ಉತ್ತರ ಹೇಗೆ ಹೇಳುತ್ತಾರೆ ಎಂಬುದೂ ನನಗೆ ಗೊತ್ತಿರಲಿಲ್ಲ. ನೆಲಕ್ಕೆ ಹೇಳಲಿಲ್ಲ, ಅವನ ಮುಖ ನೋಡಿಯೇ ಹೇಳಿದೆ.

"ಚಲೋ ಕುಣಿತಾರ. ಆದ್ರ ಅಪ್ಪ ಇಲ್ಲದಾಗ ಕುಣಿಯೋ ಗಂಡು ನನಗ ಬ್ಯಾಡ. ನಾ ಮಷಿನ್ ಬಿಡಾಂಗಿಲ್ಲ, ಸುಮ್ನ ಕುಂದ್ರಾಂಗಿಲ್ಲ. ಇಷ್ಟಾದ ಮ್ಯಾಲೂ ನಾ ಬೇಕಂದ್ರ, ಹಿಂಗ ನಿಮ್ಮ ಅಪ್ಪನ ಮುಂದ ಕುಣೀರಿ. ನೋಡ್ತೀನಿ."

ಅಪ್ಪ ಕಣ್ಣು ಮುಚ್ಚಿಕೊಂಡ. ಹಂಪೇಶ ಕರ್ಚೀಫಿನಿಂದ ಮುಖ ಒರೆಸಿಕೊಂಡು, ಅಜ್ಜಿಯ ತೋಳು ಹಿಡಿದು ಎಬ್ಬಿಸಿ, ಕದ ತೆರೆದು ಹೊರಗೆ ನಡೆಸಿಕೊಂಡು ಹೋದ. ಹೋಯಿತು ಎಂದುಕೊಂಡೆ. ಮೀಸೆಯ ಅಪ್ಪನ ಮುಂದೆ ಮೊಣಕಾಲು ಎಷ್ಟರದು?

ಕಿಟಕಿಯ ಕಂಬಳಿ ಒಂದು ಮೂಲೆ ಸರಿಸಿ ನೋಡಿದೆ. ನನ್ನ ಬೆನ್ನಿಗೆ ಅವ್ವ, ಅವಳ ಬೆನ್ನಿಗೆ ಮಾವ. ಹೊರಗೆ ನಡುಮಧ್ಯಾಹ್ನದ ಬಿಸಿಲು. ಹಾಡಿರಲಿಲ್ಲ, ನನ್ನ ಬೆಳಕಿರಲಿಲ್ಲ. ಹಂಪೇಶ ಅಜ್ಜಿಯನ್ನು ಹಿಂದಿನ ಸೀಟಿಗೆ ಹತ್ತಿಸಿದ. ಸುತ್ತಿ ಮುಂದೆ ಬಂದ. ಜೀಪಿನ ಬಾನೆಟ್ಟಿನ ಎದುರು, ತನ್ನ ಅಪ್ಪನ ಮುಖದ ಎದುರು ನಿಂತ. ಸ್ವಲ್ಪ ಹೊತ್ತು ಹಾಗೆಯೇ ನಿಂತ. ಆಮೇಲೆ ಬಲಗಾಲು ಎತ್ತಿದ.

ಬರೀ ಬಿಸಿಲಲ್ಲಿ, ಬರೀ ಕಪ್ಪು ಹುಡುಗ, ಒಂದು ಬಿಳಿ ಅಂಗಿ, ಧೂಳು. ಕ್ವಾರ್ಟರ್ಸಿನ ಹೆಂಗಸರು ಒಗೆಯುವುದು ಬಿಟ್ಟು ಬಾಗಿಲಿಗೆ ಬಂದರು. ಎರ್ರಿಯಪ್ಪ "ಏ! ಏ!" ಎಂದರು. ಅವನು ನಿಲ್ಲಲಿಲ್ಲ. ಅವರು ಪಕ್ಕದ ಸೀಟಿಗೆ ಬಾಗಿ ಹಾರ್ನ್ ಒತ್ತಿದರು. ಅವನಿಗೆ ತಾಳ ಸಿಕ್ಕಿತು. ಸಿಟ್ಟು ಬಂದು ಅವರು ಇನ್ನೂ ಜೋರಾಗಿ, ಇನ್ನೂ ಬೇಗ ಬೇಗ ಒತ್ತಿದರು. ಅವರು ಒತ್ತಿದಷ್ಟೂ ಅವನು ಕುಣಿದ. ಹಿಂದಿನ ಸೀಟಿನಲ್ಲಿ ಮುದುಕಿ ಎರಡೂ ಕೈ ಹೊರಗೆ ಚಾಚಿ ಚಪ್ಪಾಳೆ ಹೊಡೆಯುತ್ತಿದ್ದಳು.

ನಾನು ಕಂಬಳಿಯನ್ನು ಪೂರ್ತಿ ಕಿತ್ತು ಹಾಕಿ, ಅವ್ವನ ಕಡೆ ತಿರುಗಿ, "ನನಗ ಒಪ್ಪಿಗಿ," ಎಂದೆ.